ಉಪ್ಪರಿಗೆಯಲ್ಲಿ ತುಂಬಿಸಿದ ನೀರು

ಎರಡು ವರ್ಷಗಳ ಹಿಂದೆ ನಾನು ಮಣಿಪಾಲದ ಒಂದು ಸಲಹಾ ಕಚೇರಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರ ದೊರೆತ ನಂತರ ನನಗೆ ಬಂದ ಮೊದಲ ಪ್ರಕರಣ, ಕಾಪು ಪೇಟೆಯ ಒಂದು ಹಳೆಯ ಮರದ ಚೌಕಟ್ಟಿನ ಮನೆ. ಅಂಥ ಮನೆಗಳಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆಗಳು. ಮಣ್ಣಿನ ಗೋಡೆ ಕೇವಲ ಮರೆ. ಮೊದಲು ಅಲ್ಲಿ ಬಟ್ಟೆಯಂಗಡಿ ಇತ್ತು. ಈಗ ಎರ್ಮಾಳಿನ ಮೀನು ವ್ಯಾಪಾರಿ ವಸಂತಿಯವರು ಊಟದ ಹೋಟೆಲ್ ತೆರೆಯಬೇಕೆಂದಿದ್ದರು, ಮೇಜುಗಳೆಲ್ಲ ಉಪ್ಪರಿಗೆಯಲ್ಲಿ. ಉಪ್ಪರಿಗೆ ಜನರ ಭಾರ ತಾಳದಿದ್ದರೆ ಮನೆಯನ್ನೇ ಕೆಡವಿ ಕಾಂಕ್ರೀಟ್ ಕಟ್ಟಡ ಏರಿಸುವುದು ಮಾಲೀಕ ಪ್ರಭಾಕರರ ನಿರ್ಧಾರವಾಗಿತ್ತು.

“ತಡೀತದಾ, ಬೀಳ್ತದಾ? ಒಂದೇ ಮಾತು ಹೇಳಿ ಮಾರಾಯ್ರೆ,” ಎಂದರು ಅವರು.

ನಾನು ಲೋಡ್ ಟೆಸ್ಟ್ ಸೂಚಿಸಿದೆ. ಗ್ರಾಹಕರ ತೂಕಕ್ಕೆ ಸಮನಾದ ಭಾರವನ್ನು ಒಂದು ದಿನ ಇರಿಸಿ, ತೊಲೆಗಳು ಎಷ್ಟು ಬಾಗಿದವು, ಭಾರ ಇಳಿಸಿದಾಗ ಎಷ್ಟು ಮರಳಿದವು ಎಂದು ಅಳೆಯುವ ಪರೀಕ್ಷೆ ಅದು. ಮರಳಿನ ಚೀಲಗಳ ಬದಲು ವಸಂತಿಯವರು ತಮ್ಮ ಐಸ್ ಪೆಟ್ಟಿಗೆಗಳನ್ನೇ ತಂದರು. ಕೆಳಗೆ ಸುರಕ್ಷತೆಗಾಗಿ ಉಕ್ಕಿನ ಆಧಾರಗಳನ್ನು ನಿಲ್ಲಿಸಿ, ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ನೀರು ತುಂಬಿಸಿದೆವು.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿದವಳು ಹಾಗೇ ನಿಂತುಬಿಟ್ಟೆ. ಕಿಟಕಿಯ ಮರದ ಸರಳುಗಳ ನಡುವಿನಿಂದ ಬಂದ ಬಿಸಿಲು ನೀರಿಗೆ ಬಿದ್ದು, ಮೇಲಿನ ಮುಚ್ಚಿಗೆಯ ಹಲಗೆಗಳ ಮೇಲೆಲ್ಲ ಬೆಳಕು ತೇಲುತ್ತಿತ್ತು. ಕೆತ್ತನೆಯ ಬಳ್ಳಿಗಳು ನೀರೊಳಗಿನ ಪಾಚಿಯಂತೆ ಮೆಲ್ಲಗೆ ಅಲುಗಾಡುತ್ತಿದ್ದವು.

“ಎಂತ ಮೇಡಂ, ಮನೆ ಕಡಲಿನಡಿ ಹೋದ ಹಾಗೆ ಉಂಟಲ್ವಾ?” ವಸಂತಿಯವರು ಪಿಸುಗುಟ್ಟಿದರು. “ನಮ್ಮವರು ನೋಡಿದ್ರೆ ಇಲ್ಲಿಯೂ ಬಲೆ ಬೀಸ್ತಿದ್ರು!”

ನಗುತ್ತಲೇ ಪೆಟ್ಟಿಗೆಗಳತ್ತ ಬಾಗಿದೆ. ಹಿಂಬದಿಯ ಸಾಲಿನಲ್ಲಿ ಮಾತ್ರ ನೀರು ಗೋಡೆಯ ಕಡೆಯ ಅಂಚಿಗೆ ವಾಲಿತ್ತು. ಭಾರ ಇಳಿಸಿದಾಗ ಉಳಿದ ತೊಲೆಗಳು ಬಹುಪಾಲು ಮರಳಿದವು, ಆ ಸಾಲಿನ ಕೆಳಗಿನದೊಂದು ಮರಳಲಿಲ್ಲ. ಗೋಡೆ ಕೆರೆದು ನೋಡಿದೆವು. ಬಟ್ಟೆಯಂಗಡಿಯವರು ಚಂದ ಕಾಣಲೆಂದು ತೊಲೆಯ ತುದಿಯನ್ನು ಸಿಮೆಂಟಿನಿಂದ ಮುಚ್ಚಿದ್ದರು. ಗಾಳಿಯಾಡದೆ, ತೇವ ಹೊರಹೋಗದೆ ಮರ ಕೊಳೆತಿತ್ತು.

ವರದಿಯನ್ನು ಹಲವು ಬಾರಿ ತಿದ್ದಿ ಬರೆದೆ: ಸದ್ಯ ಬಳಸುವಂತಿಲ್ಲ, ಆ ಒಂದು ತೊಲೆಯ ತುದಿ ಬದಲಿಸಿ ಮರುಪರೀಕ್ಷಿಸಿದ ನಂತರ ನಿರ್ಧರಿಸಬಹುದು.

“ಒಂದು ಮಾತು ಕೇಳಿದ್ರೆ ಪುರಾಣ ಬರ್ದಿದ್ದೀರಿ,” ಎಂದು ಪ್ರಭಾಕರರು ಗೊಣಗಿದರು. ಆದರೂ ಮಳೆಗಾಲದವರೆಗೆ ಕಾಯಲು ಒಪ್ಪಿದರು. ಹಲಸಿನ ಮರದ ಹೊಸ ತುದಿ ಕೂಡಿಸಿ ಮತ್ತೆ ನೀರು ತುಂಬಿಸಿದೆವು. ಈ ಬಾರಿ ಎಲ್ಲ ಪೆಟ್ಟಿಗೆಗಳಲ್ಲೂ ನೀರು ಸಮವಾಗಿ ನಿಂತಿತು, ಭಾರ ಇಳಿಸಿದಾಗ ಆ ತೊಲೆಯೂ ಮರಳಿತು. ನಾನು ಸಹಿ ಹಾಕಿದೆ.

ಹೋಟೆಲ್ ತೆರೆದ ದಿನ ಕಿಟಕಿಯ ಪಕ್ಕ ಕೂರಲು ಹೊರಟವಳನ್ನು ವಸಂತಿಯವರು ತಡೆದು, ಹಿಂಬದಿಯ ಗೋಡೆಯ ಪಕ್ಕ, ತುದಿ ಬದಲಿಸಿದ ಆ ತೊಲೆಯ ಮೇಲಿದ್ದ ಮೇಜಿಗೆ ಕರೆದೊಯ್ದರು.

“ಸಹಿ ಹಾಕಿದವರು ಇಲ್ಲೇ ಕೂತು ಉಣ್ಬೇಕು.”

ಕೂತೆ. ಬಂಗುಡೆ ಸಾರು ಬಂತು. ಅಂದಿನಿಂದ ಯಾವ ಕಟ್ಟಡದ ವರದಿಗೆ ಸಹಿ ಹಾಕುವಾಗಲೂ, ಅದರ ಅತ್ಯಂತ ದುರ್ಬಲ ಜಾಗದಲ್ಲಿ ನಾನೇ ಊಟಕ್ಕೆ ಕೂರುವೆನೇ ಎಂದು ಮೊದಲು ಕೇಳಿಕೊಳ್ಳುತ್ತೇನೆ.