ಗಾಡಿಯವನಿಗೆ ಹಿಡಿ ಅಕ್ಕಿ

ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ಹಿರಿಯರ ಬಾಯಲ್ಲಿ ಅದಿನ್ನೂ ಬೆಂಕೀಪುರವೇ. ನನ್ನ ಗಂಡ ಕಾರ್ಖಾನೆಯಲ್ಲಿ ಗುಮಾಸ್ತರು. ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿತ್ತು. ದಿನವೂ ಅನ್ನಕ್ಕಿಡುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ಅಕ್ಕಿ ತೆಗೆದಿಡಬೇಕು. ಸೋಮವಾರ ಅದೆಲ್ಲ ಸೇರಿ ಕಷ್ಟದಲ್ಲಿರುವ ಒಂದು ಮನೆಗೆ ಹೋಗಬೇಕು. ನಮ್ಮತ್ತೆಯೇ ಅದಕ್ಕೆ ಯಜಮಾನಿ.

ಒಂದು ವಾರ ಸೌದೆ ಗಾಡಿಯವನು ಬಿದ್ದು ಕಾಲು ಮುರಿದುಕೊಂಡ. ಅಕ್ಕಿ ಅವನ ಮನೆಗೇ ಎಂದು ತೀರ್ಮಾನವಾಯಿತು. ನಾನು ಮಾತ್ರ ಕೊಡುವುದಿಲ್ಲ ಎಂದೆ.

ನಮ್ಮ ಮನೆಯ ಮುಂದೆಯೇ ರಸ್ತೆಯ ಏರು. ಅಲ್ಲಿಗೆ ಬಂದ ಕೂಡಲೇ ಅವನು ಬಾರುಕೋಲಿನ ತುದಿಯ ಮೊಳೆಯಿಂದ ಎತ್ತುಗಳನ್ನು ತಿವಿಯುತ್ತಿದ್ದ. ಬಿಳಿ ಎತ್ತಿನ ತೊಡೆಯ ಹುಣ್ಣು ಮಾಯುತ್ತಲೇ ಇರಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಅವನು ಮಲಗಿದ್ದಾನೆ, ಎತ್ತುಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿವೆ. ಅವನಿಗೆ ಉಣ್ಣಿಸಿ ಎಬ್ಬಿಸಿದರೆ ಮತ್ತೆ ಅದೇ ತಿವಿತ. ಅದರಲ್ಲಿ ನನ್ನ ಅಕ್ಕಿಯ ಪಾಪವೂ ಸೇರಿತಲ್ಲ! ಈ ತರ್ಕ ಹೊಳೆದದ್ದಕ್ಕೆ ನನಗೆ ಬಲು ಹೆಮ್ಮೆ.

“ಕಾಲು ವಾಸಿ ಆಗ್ಲಿ ಅತ್ತೆ, ಬೇಡ ಅನ್ನಲ್ಲ. ನಿಧಾನಕ್ಕೆ ಆಗ್ಲಿ,” ಎಂದೆ.

“ಅಲ್ಲಿವರೆಗೆ ಅವನ ಮಕ್ಕಳು ಏನು ಮೆಲುಕು ಹಾಕ್ಬೇಕು, ಮಾರಾಯ್ತಿ?” ಎಂದು ಅತ್ತೆ ನಕ್ಕರು.

ನನಗೆ ಸಿಟ್ಟು ಬಂತು. ಸೋಮವಾರ ಅತ್ತೆ ಅಕ್ಕಿ ಸೇರಿಸಿ ಹೊರಡುವ ಮೊದಲೇ ಒಂದು ಹೊರೆ ಹುಲ್ಲು ಕೊಂಡು, ಎತ್ತುಗಳಿಗೆ ಮಾತ್ರ ನನ್ನ ದಾನ ಎಂದುಕೊಂಡು ಅವನ ಮನೆಗೆ ಹೋದೆ. ಹಿತ್ತಿಲಲ್ಲಿ ಯಾರೋ ಒಬ್ಬ ಬಿಳಿ ಎತ್ತಿನ ಬೆನ್ನು ಒತ್ತಿ ಒತ್ತಿ ನೋಡುತ್ತಿದ್ದ.

“ಕಟುಕರ ಕಡೆಯೋನು ಅಮ್ಮಾವ್ರೆ,” ಎಂದಳು ಗಾಡಿಯವನ ಹೆಂಡತಿ. “ಮೂರು ದಿನದಿಂದ ಒಲೆ ಹಚ್ಚಿಲ್ಲ. ವಯಸ್ಸಾದ ಎತ್ತು, ಬೇರೆ ಯಾರು ತಗೋತಾರೆ?”

ಒಳಗೆ ಗಾಡಿಯವನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ. ಅಷ್ಟು ಹೊಡೆಯುವವನು ಎತ್ತಿಗಾಗಿ ಅಳುತ್ತಾನೆಂದು ನಾನು ಎಣಿಸಿರಲಿಲ್ಲ. ಹುಲ್ಲನ್ನು ಅಲ್ಲೇ ಹಾಕಿ ಮನೆಗೆ ಓಡಿದೆ. ಹಿಡಿಯಲ್ಲ, ನಮ್ಮ ಅಕ್ಕಿಯ ಡಬ್ಬವನ್ನೇ ಹೊತ್ತು ತಂದೆ. ಕಟುಕರ ಕಡೆಯವನು ಬರಿಗೈಯಲ್ಲಿ ಹೋದ. ಇನ್ನು ಮೊಳೆ ಚುಚ್ಚುವುದಿಲ್ಲ ಎಂದು ಅವನಿಂದ ಆಣೆಯನ್ನೂ ಹಾಕಿಸಿಕೊಂಡೆ. ಆ ವಾರವೆಲ್ಲ ನಮಗೆ ಮುದ್ದೆಯೇ. “ಅನ್ನ ಎಲ್ಲಿ?” ಎಂದು ಗಂಡ ಕೇಳಿದರೆ ಅತ್ತೆ ನನ್ನ ಕಡೆ ಬೆರಳು ತೋರಿಸುತ್ತಿದ್ದರು.

ಮೂರು ತಿಂಗಳ ಮೇಲೆ ಗಾಡಿ ಹೊರಟಿತು. ಮೊಳೆ ಹೋಗಿತ್ತು, ಏಟು ಹೋಗಿರಲಿಲ್ಲ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ,” ಎಂದು ನನ್ನ ಗಂಡ ಹಾಡಿದ್ದೇ ಹಾಡಿದರು. ನಾನು ಕಿಟಕಿಯಿಂದ ಕೂಗುವುದು, ಅವನು ಕೋಲು ಇಳಿಸುವುದು, ದಿನಾ ಇದೇ ಆಟವಾಯಿತು.

ಆಮೇಲೊಮ್ಮೆ ತಂಗಿಯ ಮದುವೆಗೆಂದು ಶಿವಮೊಗ್ಗಕ್ಕೆ ಹೊರಟೆ. ಸ್ಟೇಷನ್ನಿಗೆ ಹೋಗಲು ಅವನ ಗಾಡಿಯೇ ಸಿಕ್ಕಿತು. ಟ್ರಂಕು, ಹಾಸಿಗೆ, ಎರಡು ಮೂಟೆ, ಮೇಲೆ ನಾನು. ಏರಿನ ನಡುವೆ ಎತ್ತುಗಳು ನಿಂತೇಬಿಟ್ಟವು. ದೂರದಲ್ಲಿ ರೈಲು ಕೂಗಿತು.

“ಒಂದೇಟು ಬಿಡಪ್ಪಾ, ರೈಲು ತಪ್ಪುತ್ತೆ!” ಎಂದುಬಿಟ್ಟೆ.

ಅವನು ಹಿಂತಿರುಗಿ ನೋಡಿದ. ಗೇಲಿಯಲ್ಲ, ನಿಜವಾಗಿಯೇ ಕೇಳಿದ: “ಯಾವುದಕ್ಕೆ ಅಮ್ಮಾವ್ರೆ? ಬಿಳೀದಕ್ಕೋ, ಕೆಂದಕ್ಕೋ?”

ಮದುವೆಗೆಂದು ಉಟ್ಟ ರೇಷ್ಮೆ ಸೀರೆಯನ್ನು ಎತ್ತಿ ಸಿಕ್ಕಿಸಿ ಕೆಳಗಿಳಿದು, ಹಿಂದಿನಿಂದ ಗಾಡಿ ತಳ್ಳಿದೆ. ರೈಲು ಹೋಯಿತು.