ಹಿತ್ತಲಲ್ಲಿ ತಗ್ಗು ತೋಡುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವನು ಇದ್ದ ಮನೆಯಲ್ಲೇ ಅರ್ಧ ಉಳಿಸಿಕೊಂಡು ಅರ್ಧ ಕೆಡವುವ ಉಸಾಬರಿಗೆ ಹೋಗಿರಲಿಕ್ಕಿಲ್ಲ. ಹೋಗಿದ್ದರೆ ಗಾದೆಯಲ್ಲಿ ಮದುವೆಯ ಮಾತನ್ನೇ ಎತ್ತುತ್ತಿರಲಿಲ್ಲ.

ಜಮಖಂಡಿಯ ಹಳೇ ಓಣಿಯಲ್ಲಿರುವ ನಮ್ಮ ಮನೆಯ ಹಿಂದಿನ ಭಾಗ, ಅಂದರೆ ಅಡುಗೆಮನೆ ಮತ್ತು ಅದಕ್ಕೆ ಹೊಂದಿದ ಅವ್ವನ ಕೋಣೆ, ಇನ್ನೂ ಮಣ್ಣಿನ ಮಾಳಿಗೆಯದು. ಮಳೆಗಾಲಕ್ಕೆ ಸೋರುತ್ತದೆ. ಸೋರುವ ಕಡೆ ಬೋಗುಣಿ ಇಟ್ಟು ನಾವು ಕಾಲ ಕಳೆದಿದ್ದೆವು. ಅವ್ವನ ನೋಯುವ ಮೊಣಕಾಲಿಗೆ ಮಾತ್ರ ಹಾಗೆ ಬೋಗುಣಿ ಇಡಲು ಬರುತ್ತಿರಲಿಲ್ಲ. ನಮ್ಮ ಸಂಡಾಸು ಇದ್ದದ್ದು ಮನೆಯ ಮುಂದೆ, ಬೀದಿಬಾಗಿಲಿನ ಪಕ್ಕದಲ್ಲಿ. ಅವ್ವ ತನ್ನ ಕೋಣೆಯಿಂದ ಎದ್ದು, ಪಡಸಾಲೆ ದಾಟಿ, ಕಟ್ಟೆಯ ಮೆಟ್ಟಿಲು ಇಳಿದು ಅಲ್ಲಿಗೆ ಹೋಗಬೇಕು. ಹೋದ ಮಳೆಗಾಲದಲ್ಲಿ ಆ ಮೆಟ್ಟಿಲ ಮೇಲೆ ಜಾರಿಬಿದ್ದಳು. ಎಲುಬು ಮುರಿಯಲಿಲ್ಲ, ಪುಣ್ಯ. ಆದರೆ ಅಂದಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು, ಹೊರಗೆ ಹೋಗುವ ಪ್ರಸಂಗ ಬರಬಾರದೆಂದು. ಇದು ಗೊತ್ತಾದ ದಿನ ನನ್ನ ಹೆಂಡತಿ ನನ್ನ ಮುಂದೆ ಬಂದು ನಿಂತು, "ಅತ್ತಿ ಖೋಲಿಗೇ ಹೊಂದಿಸಿ ಬಚ್ಚಲಾ, ಸಂಡಾಸಾ ಎರಡೂ ಕಟ್ಟಸ್ರಿ. ನಿಮ್ಮ ಕೈಲಿ ಆಗಂಗಿಲ್ಲಂದ್ರ ನಾ ಕಟ್ಟಸ್ತೇನಿ," ಅಂದಳು. ಬಚ್ಚಲು ಕಟ್ಟಿದ ಮೇಲೆ ಸೋರುವ ಮಾಳಿಗೆ ಯಾಕೆ ಬಿಡಬೇಕು ಎಂದು ನಾನೇ ಮಾತು ಬೆಳೆಸಿದೆ. ಅಲ್ಲಿಗೆ ಹಿಂದಿನ ಭಾಗವನ್ನೆಲ್ಲ ಕೆಡವಿ ಕಟ್ಟುವುದೆಂದು ಆಯಿತು.

ಓಣಿಯಲ್ಲಿ ಎಲ್ಲರ ಸಂಡಾಸೂ ಹಿತ್ತಲಲ್ಲಿದೆ. ನಮ್ಮ ಮನೆಗೆ ಬಂದ ಬೀಗರು ಮಾತ್ರ ಮೊದಲು ಅದರ ದರ್ಶನ ಮಾಡಿಕೊಂಡೇ ಒಳಗೆ ಬರಬೇಕು. ಇದಕ್ಕೆ ಕಾರಣ ಓಣಿಯ ಹಳಬರಿಗೆಲ್ಲ ಗೊತ್ತು. ನಮ್ಮ ಹಿತ್ತಲಲ್ಲಿ ನನ್ನ ಅಕ್ಕ ಇದ್ದಾಳೆ.

ಅಕ್ಕ ಅವ್ವನ ಚೊಚ್ಚಲ ಕೂಸು. ತೊಟ್ಟಿಲಿಗೆ ಹಾಕುವ ಮೊದಲೇ ಹೋದಳು, ಹಾಗಾಗಿ ಅವಳಿಗೆ ಹೆಸರಿಲ್ಲ. ಅವ್ವನಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಮೊದಲ ಬಾಣಂತನವೂ ಗಂಡನ ಮನೆಯಲ್ಲೇ ನಡೆದಿತ್ತು. ಅಷ್ಟು ಎಳೆಯ ಕೂಸನ್ನು ನಮ್ಮಲ್ಲಿ ಊರ ರುದ್ರಭೂಮಿಗೆ ಒಯ್ಯುವುದಿಲ್ಲ, ಮನೆಯ ಹತ್ತಿರ ಎಲ್ಲಾದರೂ ಮಣ್ಣು ಮಾಡುತ್ತಾರೆ. ತಾಯಿಗೆ ಜಾಗ ತೋರಿಸುವುದಿಲ್ಲ. ತೋರಿಸಿದರೆ ಅಲ್ಲೇ ಕೂತು ಅಳುತ್ತಾಳೆ, ಮುಂದಿನ ಕೂಸು ನಿಲ್ಲುವುದಿಲ್ಲ ಎಂದು ನಂಬಿಕೆ. ಬಾಣಂತಿ ಕೋಣೆಯಲ್ಲಿದ್ದ ಅವ್ವ ಕೂಸೆಲ್ಲಿ ಎಂದು ಚೀರಿದಾಗ ಅಜ್ಜಿ, "ಎಲ್ಲೂ ಹೋಗಿಲ್ಲ, ಹಿತ್ತಲದಾಗ ಐತಿ, ಸುಮ್ನ ಮಲಕೋ," ಅಂದಳಂತೆ. ಹಿತ್ತಲಲ್ಲಿ ಎಲ್ಲಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮುಂದೆ ಹುಟ್ಟಿದ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ಸಾವಿಗೆ ಬೇಡವಾಗುವಂತೆ ಮಾಡಿ ಸಾಕಿದರು. ಆ ತೂತು ಇಂದಿಗೂ ಕಾಣುತ್ತದೆ. ನಾನು ಗುಮಾಸ್ತನಾಗಿರುವ ಕೋರ್ಟಿನಲ್ಲಿ ವಕೀಲರು, "ಏನ್ರಿ, ಇವತ್ತ ನತ್ತ ಮನ್ಯಾಗ ಬಿಟ್ಟ ಬಂದ್ರಿ?" ಎಂದು ಚಾಷ್ಟಿ ಮಾಡುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಈ ಮಾತಿಗೆ ಬರುವುದಿಲ್ಲ.

ಜಾಗ ಗೊತ್ತಿಲ್ಲದ್ದರಿಂದ ಅವ್ವ ಇಡೀ ಹಿತ್ತಲನ್ನೇ ಕಾದಳು. ಅಲ್ಲಿ ಗುದ್ದಲಿ ಬೀಳುವಂತಿರಲಿಲ್ಲ. ಮಲ್ಲಿಗೆ ಬೇಕೆಂದರೆ ಎಣ್ಣೆ ಡಬ್ಬಿಯಲ್ಲಿ. ಅರಿವೆ ಒಣಹಾಕಲು ಗೂಟ ನೆಡುವಂತಿಲ್ಲ, ಗೋಡೆಯಿಂದ ಗೋಡೆಗೆ ಹಗ್ಗ. ಅನ್ನದ ಗಂಜಿ ಬಸಿದರೆ ಅದು ತಣ್ಣಗಾದ ಮೇಲೆಯೇ ಹಿತ್ತಲಿಗೆ ಚೆಲ್ಲಬೇಕು. ಹೊಸದಾಗಿ ಬಂದಾಗ ನನ್ನ ಹೆಂಡತಿ ಒಮ್ಮೆ ಕುದಿಯುವ ಗಂಜಿ ಚೆಲ್ಲಿ ಬೈಸಿಕೊಂಡಿದ್ದಳು. ಯಾಕೆ ಎಂದು ತಿಳಿದ ಮೇಲೆ ತಾನೇ ಊದಿ ಆರಿಸಿ ಚೆಲ್ಲತೊಡಗಿದಳು.

ಅವ್ವನಿಗೆ ಅಪ್ಪನ ಮೇಲೆ ಇದ್ದ ಸಿಟ್ಟೂ ಆ ಕೂಸಿನದೇ. ಅವರ ಜಗಳ ಸಾರಿನ ಉಪ್ಪಿನಿಂದ ಶುರುವಾದರೂ ಕಡೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ. "ಕೂಸ ಸತ್ತ ದಿನಾನೂ ಹೊಲಾ ನೋಡಾಕ ಹ್ವಾದಾಂವ ನೀ. ಸಂಜಿಮುಂದ ಕೆಸರಗಾಲಲೆ ಬಂದಿ." ಈ ಮಾತು ಬಂದ ಕೂಡಲೇ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾನು ಅವ್ವನ ಕಡೆಯವನು. ಅಪ್ಪನನ್ನು ಕಲ್ಲೆದೆಯವನೆಂದೇ ತಿಳಿದು ದೊಡ್ಡವನಾದೆ. ಅವನು ತೀರಿಕೊಂಡು ಕೆಲವು ವರ್ಷವಾಯಿತು. ಆಮೇಲೂ ಅವ್ವ ಆ ಮಾತನ್ನು ಬಿಡಲಿಲ್ಲ, ಗೋಡೆಯ ಮೇಲಿನ ಅವನ ಫೋಟೋಕ್ಕೆ ಹೇಳುತ್ತಿದ್ದಳು.

ಮನೆ ಖಾಲಿ ಮಾಡುವ ಕೆಲಸಕ್ಕೆ ಅವ್ವ ಅಡ್ಡಿ ಮಾಡಬಹುದೆಂದು ನಾವು ಹೆದರಿದ್ದೆವು. ಅವಳು ನಮಗಿಂತ ಚುರುಕಾದಳು. ಪಕ್ಕದ ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ದೇವರನ್ನು ಮೊದಲು ಒಯ್ಯಬೇಕು, ಒಲೆಯನ್ನು ಕಡೆಗೆ ಎಂದು ಅವ್ವ ಕಟ್ಟು ಮಾಡಿದಳು. ಗ್ಯಾಸಿನ ಒಲೆಗೂ ಅದೇ ಕಾನೂನು. ಹೊರಸಿನ ಮೇಲೆ ಕೂತು, ಅಟ್ಟದಿಂದ ಇಳಿಸಿದ ಒಂದೊಂದನ್ನೂ ನೋಡಿ ತೀರ್ಪು ಕೊಟ್ಟಳು. ತಾಮ್ರದ ಹಂಡೆ ಇರಲಿ. ತಳ ಹೋದ ಕೊಡ ಮಾರು. ನನ್ನ ಸಾಲಿಯ ಪಾಟೀಚೀಲ ತಿಪ್ಪೆಗೆ ಒಗೆ. ಬನಹಟ್ಟಿಯ ಸೀರೆಗಳಲ್ಲಿ ಗಟ್ಟಿಯಿದ್ದವನ್ನು ಭಾಂಡೆ ತಿಕ್ಕುವವಳಿಗೆ ಕೊಟ್ಟಳು, ಹಳೆಯವನ್ನು ಕೌದಿಗೆಂದು ಇಟ್ಟುಕೊಂಡಳು. ಅಟ್ಟದ ಧೂಳಿಗೆ ನನಗೆ ಸೀನು ಹತ್ತಿ ಮೈಯೆಲ್ಲ ಉರಿಯುತ್ತಿತ್ತು. "ಇಷ್ಟೆಲ್ಲ ಯಾಕ ಕೂಡಿಟ್ಟೀಯವ್ವಾ?" ಎಂದು ಹರಿಹಾಯ್ದೆ. "ನಾ ಏನ ಕೂಡಿಟ್ಟಿಲ್ಲ. ನೀವ ಹೊರಗ ಒಗೀಲಿಲ್ಲ," ಅಂದಳು. ಮೂರು ಜನರೂ ನಕ್ಕೆವು. ಆ ಮನೆಯಲ್ಲಿ ಆಮೇಲೆ ಹಾಗೆ ನಕ್ಕ ನೆನಪಿಲ್ಲ.

ಮರುದಿನ ಮನೆ ಕಟ್ಟುವ ಗೌಂಡಿ ಬಂದ. ಸಂಡಾಸಿನ ತಗ್ಗನ್ನು ಹಿತ್ತಲು ಬಿಟ್ಟು ಬೇರೆ ಕಡೆ ತೆಗೆಯಲು ಬರುತ್ತದೆಯೇ ಎಂದು ನಾನು ಮೊದಲೇ ಕೇಳಿದ್ದೆ. ಮುಂದಿನ ಹಳೇ ತಗ್ಗು ದೂರ, ನಡುವೆ ಪಡಸಾಲೆಯ ಕಲ್ಲುಹಾಸು, ಪೈಪಿಗೆ ಇಳಿಜಾರು ಸಿಗುವುದಿಲ್ಲ ಎಂದಿದ್ದ. ಅವ್ವನಿಗೆ ಇದನ್ನು ಹೇಳಿದಾಗ ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದಿರಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡಿದ್ದೆ.

ಗೌಂಡಿ ಹಿತ್ತಲನ್ನು ನೋಡಿ, "ಇಷ್ಟ ಛಲೋ ಕರೀ ಎರಿಮಣ್ಣ ಐತಿ, ಒಂದ ಕರಿಬೇವಿನ ಗಿಡಾನೂ ಹಚ್ಚಿಲ್ಲಲ್ರಿ ಸರ," ಅಂದ. ಸುಣ್ಣದ ಪುಡಿಯಲ್ಲಿ ಒಂದು ಚೌಕ ಬರೆದ. ಅವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೈಯಲ್ಲಿ ಕಸಬರಿಗೆ. ಆ ಚೌಕವನ್ನು ಗುಡಿಸಿಹಾಕಿದಳು. ಗೌಂಡಿ ನನ್ನ ಮುಖ ನೋಡಿದ. "ಆ ಮೂಲ್ಯಾಗ ಹಾಕಲ್ರಿ ಅವ್ವಾರ?" ಎಂದು ಕೇಳಿ ಅಲ್ಲಿ ಬರೆದ. ಅವ್ವ ಅದನ್ನೂ ಗುಡಿಸಿದಳು. ಬಚ್ಚಲ ಗೋಡೆಗೆ ಹೊಂದಿಸಿ ಇನ್ನೊಂದು ಬರೆದದ್ದಕ್ಕೂ ಅದೇ ಗತಿ. ಕಡೆಗೆ ಗೌಂಡಿ ಸುಣ್ಣದ ಬುಟ್ಟಿ ಕೆಳಗಿಟ್ಟು, "ಎಲ್ಲಿ ತೋಡಬಾರದು ಅಷ್ಟ ಹೇಳಿಬಿಡ್ರಿ ಅವ್ವಾರ. ಅಲ್ಲಿ ಬಿಟ್ಟು ತೋಡತೇನಿ," ಅಂದ.

"ಅದು ಗೊತ್ತಿದ್ರ ಹೇಳತಿದ್ದಿಲ್ಲೇನಪಾ," ಅಂದಳು ಅವ್ವ. ಹಾಗೆ ಹೇಳಿ ಅಲ್ಲೇ, ನೆಲದ ಮೇಲೆ, ಆ ಮೊಣಕಾಲಿನಲ್ಲಿ ಕೂತುಬಿಟ್ಟಳು. ಎಬ್ಬಿಸಲು ನಾನು, ನನ್ನ ಹೆಂಡತಿ ಇಬ್ಬರೂ ಬೇಕಾಯಿತು.

ಜಾಗ ಗೊತ್ತಿರಬಹುದಾದ ಜೀವ ಒಂದೇ ಉಳಿದಿತ್ತು. ಅಪ್ಪನ ತಂಗಿ, ತೇರದಾಳಕ್ಕೆ ಕೊಟ್ಟ ನನ್ನ ಸೋದರತ್ತೆ. ಕೂಸು ಹೋದಾಗ ಅವಳಿಗಿನ್ನೂ ಲಗ್ನವಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಕೋರ್ಟಿಗೆ ರಜೆ ಹಾಕಿ ಬಸ್ಸು ಹತ್ತಿದೆ. ಇಡೀ ದಿನ ಮಂದಿಯ ಬಾಂದು, ಬದುವಿನ ಜಗಳದ ಕಾಗದ ಹೊರುವ ನನಗೆ ನನ್ನ ಹಿತ್ತಲಿನ ಒಂದು ಮೊಳ ಜಾಗ ಗೊತ್ತಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನ ಮೇಲೆಯೇ ಸಿಟ್ಟು.

ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಹಿತ್ತಲದಾಗ ಯಾರ ಇಟ್ಟಾರೋ ತಮ್ಮಾ? ಅವತ್ತ ಮಳಿ ಹೊಡದ ಹೊಡತಕ್ಕ ಹಿತ್ತಲ ತುಂಬ ನೀರ ನಿಂತಿತ್ತು. ನಿಮ್ಮಪ್ಪ ಎಲ್ಲಿ ಗುದ್ದಲಿ ಹಾಕಿದ್ರೂ ಒಳಗ ನೀರ ಬರೂದು. ನೀರಾಗ ಹ್ಯಾಂಗ ಇಡಲಿ ಯವ್ವಾ, ಅಂದಾ. ತನ್ನ ತಲೀ ಪಟಗಾ ಬಿಚ್ಚಿ, ಕೂಸಿನ್ನ ಅದರಾಗ ಸುತ್ತಿ, ಎದಿಗೆ ಹಿಡಕೊಂಡ, ತುಬಚಿ ದಾರೀಗಿನ ಹೊಲಕ್ಕ ನಡಕೋತ ಹ್ವಾದಾ. ಅಲ್ಲಿ ಬದುವಿನ ಮ್ಯಾಲ ಬನ್ನಿಗಿಡ ಇತ್ತು, ಅದರ ಬುಡಕ ಇಟ್ಟ ಬಂದಾ."

"ಒಬ್ಬನಽ ಹ್ವಾದ್ನೇನತ್ತಿ?"

"ಒಬ್ಬನಽ. ನಾ ಬರತೇನಿ ಅಂದ್ರ ನನ್ನೂ ಬರಗೊಡಲಿಲ್ಲ."

"ಅವ್ವಗ ಯಾಕ ಹೇಳಲಿಲ್ಲ?"

"ನಮ್ಮವ್ವ ಆಣಿ ಹಾಕಿದ್ಲು. ಹಸೀ ಬಾಣಂತಿ, ಗೊತ್ತಾದ್ರ ಮಳ್ಯಾಗ ಹೊಲಕ್ಕ ಓಡ್ತಾಳ, ಹಿತ್ತಲದಾಗ ಐತಿ ಅನ್ರಿ, ಬಾಣಂತನ ಮುಗದಮ್ಯಾಲ ಹೇಳೂಣು ಅಂದ್ಲು. ಮುಂದ ನೀ ಹೊಟ್ಯಾಗ ಬಂದಿ. ಆವಾಗ ಹೆಂಗ ಹೇಳೂದು? ಆಮ್ಯಾಲ ಹಂಗಽ ಉಳೀತು."

ಹಂಗೇ ಉಳಿಯಿತು. ಖಾಲಿ ಹಿತ್ತಲೆಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಸಂಡಾಸನ್ನು ಬೀದಿಬಾಗಿಲಿಗೆ ತಂದು ಕಟ್ಟಿಸಿದ, ಊರವರಿಂದ ನಗಿಸಿಕೊಂಡ, ಗಂಜಿ ಆರಿಸಿ ಚೆಲ್ಲುವ ಅವ್ವನ ಕಟ್ಟಳೆಗೂ ತಲೆಬಾಗಿ ನಡೆದ. ಹೊಲ ನೋಡಲು ಹೋದವನು ಎಂದು ಬೈಸಿಕೊಂಡೇ ಸತ್ತ. ಬಸ್ಸಿನಲ್ಲಿ ನನಗೆ ಅಳು ಬಂತು. ಪಕ್ಕದಲ್ಲಿದ್ದವರು, "ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದರು. ಹೂಂ ಅಂದೆ.

ನನ್ನ ಹೆಂಡತಿ ಎಲ್ಲ ಕೇಳಿ, "ಅತ್ತಿಗೆ ಹೇಳಬ್ಯಾಡ್ರಿ. ಪಡಸಾಲಿ ಕಲ್ಲ ಕೀಳಸೂಣು, ಪೈಪ ಮುಂದಕ್ಕ ಒಯ್ಯೂಣು, ಎಷ್ಟರ ತೊಂದ್ರಿ ಆಗಲಿ," ಅಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ಅಪ್ಪನ ಪರವಾಗಿ ಒಂದು ಮಾತು ಆಡುವವರು ಇಷ್ಟು ವರ್ಷ ಯಾರೂ ಇರಲಿಲ್ಲ. ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡರೆ ಅವನು ಎಂದೆಂದಿಗೂ ಕಲ್ಲೆದೆಯವನಾಗಿಯೇ ಉಳಿಯುತ್ತಾನೆ. ಹೇಳಿದರೆ ಅವ್ವನ ಹಿತ್ತಲು ಹೋಗುತ್ತದೆ. ಎರಡನ್ನೂ ಉಳಿಸುವ ದಾರಿ ನನಗೆ ಹೊಳೆಯಲಿಲ್ಲ. ಮರುದಿನ ಮುಂಜಾನೆ ಹೇಳಿದೆ.

ಅವ್ವ ಖಾಲಿ ಪಡಸಾಲೆಯಲ್ಲಿ ಕೂತು ಕೌದಿ ಮಡಚುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಮಡಚುತ್ತಲೇ ಇದ್ದಳು.

"ಪಟಗಾದಾಗ ಸುತಗೊಂಡ ಹ್ವಾದ್ನಂತ?" ಅಂದಳು.

"ಹೂಂ."

"ಅದು ಹೊಸಾ ಪಟಗಾ. ಎಲ್ಲೋ ಕಳಕೊಂಡ್ನಿ ಅಂದಿದ್ದಾ ನನಗ. ಅದಕ್ಕೂ ಬೈದಿದ್ನಿ."

ಆಮೇಲೆ ಅತ್ತಳು. ಅಪ್ಪ ತೀರಿದ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಹೆಂಡತಿ ಓಡಿಬಂದು ಹಿಡಿದುಕೊಂಡಳು, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಳು ನಿಂತ ಮೇಲೆ ಅವ್ವ, "ಒಮ್ಮೆರ ಬಾಯಿ ಬಿಡಬೇಕಿತ್ತ ಅಂವಾ," ಅಂದಳು. ಮತ್ತೆ, "ಗೌಂಡಿಗೆ ಹೇಳು, ತಗ್ಗ ತೋಡಲಿ," ಅಂದಳು.

ಗೌಂಡಿ ತೋಡಿದ. ಮೇಲಿನಿಂದ ತಳದವರೆಗೂ ಕರೀ ಮಣ್ಣು. ಅವ್ವ ನೋಡಲು ಬರಲಿಲ್ಲ. ಬಾಡಿಗೆ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು, ಕರೆದರೆ ಎದ್ದು ಎರಡು ತುತ್ತು ಉಣ್ಣುತ್ತಿದ್ದಳು. ಒಂದು ದಿನ ತಾನಾಗಿಯೇ, "ಆ ಹೊಲಾ ತೋರಸಪಾ ನನಗ," ಅಂದಳು.

ಆ ಹೊಲ ಈಗ ನಮ್ಮದಲ್ಲ. ಪಾಲಾಗಿ, ಮಾರಾಟವಾಗಿ, ಯಾರ್ಯಾರದೋ ಕೈ ಸೇರಿದೆ. ಆಟೋ ಮಾಡಿಸಿಕೊಂಡು ಹೋದೆವು. ನಾನು ಚಿಕ್ಕವನಿದ್ದಾಗ ಅಲ್ಲಿ ಜೋಳ ಬೆಳೆಯುತ್ತಿದ್ದರು, ನಿಂತರೆ ದೂರದವರೆಗೂ ಕಾಣುತ್ತಿತ್ತು. ಈಗ ನೀರಾವರಿಯಾಗಿ ರಸ್ತೆಯ ಎರಡೂ ಕಡೆ ಆಳೆತ್ತರದ ಕಬ್ಬು. ಬದುಗಳನ್ನೆಲ್ಲ ಕಿತ್ತು ಸಮ ಮಾಡಿದ್ದಾರೆ. ಬನ್ನಿಗಿಡ ಇರಲಿಲ್ಲ. ಎಲ್ಲಿತ್ತು ಎಂದು ಕೇಳೋಣವೆಂದರೆ ಅಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ.

ಅವ್ವ ಆಟೋದಿಂದ ಇಳಿದು, ಅದರ ಕಂಬಿ ಹಿಡಿದು ನಿಂತಳು. "ಯಾವ ಕಡೆ?" ಎಂದು ಕೇಳಿದಳು. ನಾನು ಕೈ ಮಾಡಿ ಆ ಕಡೆ ಅಂದೆ. ಸುಮ್ಮನೆ ಅಂದೆ, ನನಗೆ ಗೊತ್ತಿರಲಿಲ್ಲ. ಅವಳು ಆ ಕಡೆ ನೋಡಿದಳು, ಈ ಕಡೆಯೂ ನೋಡಿದಳು. ಕಬ್ಬು ಬಿಟ್ಟರೆ ನೋಡಲು ಏನೂ ಇರಲಿಲ್ಲ.

"ಹಿತ್ತಲಾ ಸಣ್ಣದಿತ್ತಪಾ," ಅಂದಳು. "ಎಲ್ಲಿ ನಿಂತ್ರೂ ಕೂಸಿನ ಹತ್ರ ನಿಂತಂಗ ಇರತಿತ್ತು."