ಆರನೇ ದಿನ ಖಾಲಿ ಇರಲಿ

ಇದು ನಡೆದದ್ದು ೨೦೨೩ರಲ್ಲಿ. ನಾನು ಕೌಲಾಲಂಪುರಕ್ಕೆ ಬಂದು ಏಳು ತಿಂಗಳಾಗಿತ್ತು. ಕೊರೋನಾ ಮುಗಿದು ಜನ ಮತ್ತೆ ವಿಮಾನ ಹತ್ತತೊಡಗಿದ್ದರು. ಬ್ರಿಟನ್ನಿನ ಕೋಟೆ, ಅರಮನೆ, ಹಳೆಯ ಊರುಗಳ ಪ್ರವಾಸಗಳನ್ನು ರೂಪಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ನಾವು ನೇರವಾಗಿ ಗಿರಾಕಿಗಳಿಗೆ ಮಾರುತ್ತಿರಲಿಲ್ಲ. ಮಲೇಷ್ಯಾದ ಸಣ್ಣಪುಟ್ಟ ಟ್ರಾವೆಲ್ ಏಜೆಂಟರು ಮಾರುತ್ತಿದ್ದರು. ಅವರಿಗೆ ಮಾರಲು ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ನಲವತ್ತು ಜನರ ಬಸ್ಸಿನಲ್ಲಿ ಕೂರಲು ಈಗ ಯಾರಿಗೂ ಇಷ್ಟವಿಲ್ಲ, ಒಬ್ಬೊಬ್ಬರ ಅಳತೆಗೆ ಹೊಲಿದ ಅಂಗಿಯಂಥ ಪ್ರವಾಸ ಕೊಡಿ ಎಂದು ದಿನವೂ ಹೇಳುತ್ತಿದ್ದೆ.

ಮೈಸೂರಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಬ್ರಿಟಿಷರು ನಮ್ಮನ್ನು ಹೇಗೆ ದೋಚಿದರು ಎಂಬ ವಿಷಯದ ಮೇಲೇ ಎರಡು ಪಾರಿತೋಷಕ ಗೆದ್ದವಳು. ಅವರ ಅರಮನೆಗಳನ್ನು ಮಾರುವ ಕೆಲಸಕ್ಕೆ ಸೇರಿದಾಗ ಗೆಳತಿಯರು ನಕ್ಕರು. ನನ್ನ ಬಳಿ ಅದಕ್ಕೂ ಉತ್ತರವಿತ್ತು. ಪರ ವಹಿಸಬೇಕಾಗಿ ಬಂದರೆ ಪರ, ವಿರೋಧವಾದರೆ ವಿರೋಧ, ಗಂಟೆ ಬಾರಿಸುವ ತನಕ ಮಾತು ನಿಲ್ಲಿಸಬಾರದು, ಅಷ್ಟೇ. ಏಜೆಂಟರಿಗೂ ಅದನ್ನೇ ಕಲಿಸಿದೆ. ಗಿರಾಕಿ ಹೇಳಬಹುದಾದ ಆಕ್ಷೇಪಗಳನ್ನೆಲ್ಲ ಒಂದು ಹಾಳೆಯ ಎಡಕ್ಕೆ ಬರೆದು, ಬಲಕ್ಕೆ ಉತ್ತರ ಬರೆದು ಎಲ್ಲರಿಗೂ ಕಳುಹಿಸಿದ್ದೆ.

ವಾರವೆಲ್ಲ ಹೀಗೆ ಮಾತೋ ಮಾತು. ಆದರೆ ಭಾನುವಾರ ಬಂದರೆ ಮಾತಾಡಲು ಒಬ್ಬರೂ ಇರುತ್ತಿರಲಿಲ್ಲ. ಬ್ರಿಕ್‌ಫೀಲ್ಡ್ಸ್‌ನ ಹಳೆಯ ಕಟ್ಟಡವೊಂದರ ಎಂಟನೇ ಮಹಡಿಯಲ್ಲಿ ನನ್ನ ಕೋಣೆ. ಪಕ್ಕದ ಕೋಣೆಯವರ ಮುಖ ನಾನು ನೋಡಿರಲಿಲ್ಲ, ಅವರ ಚಪ್ಪಲಿ ಮಾತ್ರ ಗೊತ್ತಿತ್ತು. ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು ಕೆಎಲ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದೆ. ಏರ್‌ಪೋರ್ಟ್ ರೈಲಿನ ಬಾಗಿಲಿನ ಎದುರು ಒಂದು ಬೆಂಚಿದೆ. ಯಾರನ್ನೋ ಕರೆದುಕೊಂಡು ಹೋಗಲು ಬಂದವಳ ಹಾಗೆ ಸಂಜೆಯ ತನಕ ಅಲ್ಲಿ ಕೂರುತ್ತಿದ್ದೆ. ಹೊರಬರುವ ಜನರಲ್ಲಿ ಎಲ್ಲಾದರೂ ಕನ್ನಡ ಕೇಳಿಸುತ್ತದೆಯೇ ಎಂದು ಕಿವಿ ತೆರೆದು ಕೂರುವುದು. ಒಮ್ಮೆ ಒಬ್ಬ ಹೆಂಗಸು "ಲೋ, ನೀಲಿ ಬ್ಯಾಗ್ ಎಲ್ಲೋ?" ಎಂದು ಮಗನನ್ನು ಗದರಿದ್ದು ಕೇಳಿಸಿತು. ಎದ್ದು ಅವರ ಹಿಂದೆಯೇ ಎಸ್ಕಲೇಟರ್ ಇಳಿದು ಟ್ಯಾಕ್ಸಿಯ ತನಕ ಹೋದೆ. ಮಾತಾಡಿಸಲಿಲ್ಲ. ಏನೆಂದು ಮಾತಾಡಿಸುವುದು? ಇದನ್ನು ನಾನು ಮನೆಯವರಿಗೂ ಹೇಳಿರಲಿಲ್ಲ.

ನನ್ನ ಏಜೆಂಟರಲ್ಲಿ ಪರಮೇಶ್ವರಿ ಅಕ್ಕ ಎಂಬವರಿದ್ದರು. ಬ್ರಿಕ್‌ಫೀಲ್ಡ್ಸ್‌ನಲ್ಲೇ ಹುಟ್ಟಿ ಬೆಳೆದ ತಮಿಳರು. ಕೊರೋನಾ ಕಾಲದಲ್ಲಿ ಟಿಕೆಟ್ ಮಾರುವ ಕೌಂಟರಿನಲ್ಲೇ ಅನ್ನದ ಪೊಟ್ಟಣ ಮಾರಿ ಅಂಗಡಿ ಉಳಿಸಿಕೊಂಡಿದ್ದರು. ಆದರೂ ಅರ್ಧ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಡಬೇಕಾಗಿತ್ತು. ನಮ್ಮ ಪ್ರವಾಸಗಳಲ್ಲಿ ಒಂದನ್ನಾದರೂ ಆ ಜೂನ್ ಒಳಗೆ ಮಾರಿದರೆ ಅವರು ನಮ್ಮ ಕಂಪನಿಯ ಕಾಯಂ ಏಜೆಂಟರ ಪಟ್ಟಿಗೆ ಸೇರುತ್ತಿದ್ದರು. ಇಲ್ಲದಿದ್ದರೆ ಉಳಿದ ಅರ್ಧವನ್ನೂ ಅವನಿಗೇ ಕೊಟ್ಟು ಮನೆಯಲ್ಲಿ ಕೂರುವುದೆಂದು ನಿರ್ಧರಿಸಿದ್ದರು. ಮಾರ್ಚಿನಲ್ಲಿ ಅವರಿಗೆ ಒಬ್ಬರೇ ಒಬ್ಬರು ಗಿರಾಕಿ ಸಿಕ್ಕರು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದ ಡಾಕ್ಟರ್ ವಸಂತಿ. ಉಡುಪಿ ಕಡೆಯವರು, ಅರುವತ್ತೈದರ ಆಸುಪಾಸು, ಒಂಟಿ.

ವಿಡಿಯೋ ಕಾಲ್‌ನಲ್ಲಿ ಮಾತು ಶುರುವಾಯಿತು. ನಾನು ಪರಮೇಶ್ವರಿ ಅಕ್ಕನ ಪಕ್ಕ ಕುಳಿತಿದ್ದೆ. ಮೈಸೂರಿನವಳು ಎಂದದ್ದೇ ತಡ, ಡಾಕ್ಟರು ಕನ್ನಡಕ್ಕೆ ಬಂದರು. ಅಕ್ಕನಿಗೂ ಅದು ಅರ್ಧಂಬರ್ಧ ತಿಳಿಯುತ್ತಿತ್ತು. ಹತ್ತು ದಿನದ ಪ್ರವಾಸ. ಲಂಡನ್, ಯಾರ್ಕ್, ಎಡಿನ್‌ಬರೋ ಎಲ್ಲಕ್ಕೂ ಒಪ್ಪಿದರು. ಆರನೇ ದಿನಕ್ಕೆ ಮಾತ್ರ ಇಂಗ್ಲೆಂಡಿನ ಉತ್ತರದಲ್ಲಿರುವ ಒಂದು ಸಣ್ಣ ಊರಿನ ಹೆಸರು ಹೇಳಿದರು. ಹಿಂದೆ ಹತ್ತಿ ಗಿರಣಿಗಳಿದ್ದು, ಈಗ ಅವೂ ಇಲ್ಲದ ಊರು.

"ಆ ದಿನ ಖಾಲಿ ಇರಲಿ. ಎಂಥದೂ ಹಾಕ್ಬೇಡ," ಎಂದರು.

"ಮೇಡಂ, ನಾನು ಹುಡುಕಿದೆ. ಅಲ್ಲಿ ನೋಡೋಕೆ ಏನೂ ಇಲ್ಲ."

"ಗೊತ್ತುಂಟು."

"ಮತ್ತೆ ಯಾಕೆ?"

"ಸುಮ್ಮನೆ."

ಸುಮ್ಮನೆ ಎಂಬ ಉತ್ತರವನ್ನು ನಾನು ಯಾವತ್ತೂ ಸಹಿಸಿದವಳಲ್ಲ. ನಮ್ಮ ಸ್ಪರ್ಧೆಗಳಲ್ಲಿ ಅಂಕವೆಲ್ಲ ಹೋದವರು ಹೇಳುವ ಮಾತದು. ಮೇಲಾಗಿ ಒಂದು ದಿನ ಖಾಲಿ ಬಿಟ್ಟರೆ ನಮ್ಮ ಕಂಪನಿಯ ಕಂಪ್ಯೂಟರಿನಲ್ಲಿ ಆ ಸಾಲು ಕೆಂಪಗಾಗುತ್ತಿತ್ತು, ಬುಕಿಂಗ್ ಮುಂದೆ ಹೋಗುತ್ತಿರಲಿಲ್ಲ. ನಾನು ಬೆರಳು ಮಡಚತೊಡಗಿದೆ. ಒಂದು, ಅಷ್ಟು ದೂರ ಹೋಗಿ ಒಂದು ಹಗಲನ್ನು ಸುಮ್ಮನೆ ಕಳೆಯುವುದು ನಷ್ಟ. ಎರಡು, ಆ ಊರಿಗಾಗಿ ದಾರಿ ಬಿಟ್ಟು ಪಕ್ಕಕ್ಕೆ ಹೋಗಬೇಕು, ಆ ವಯಸ್ಸಿನಲ್ಲಿ ಆಯಾಸ. ಮೂರು, ಅದೇ ಹೊತ್ತಿನಲ್ಲಿ ಪಾಳುಬಿದ್ದ ಸೊಗಸಾದ ಹಳೆಯ ಕ್ರೈಸ್ತ ಮಠವೊಂದನ್ನೂ ಜಮೀನ್ದಾರರ ಬಂಗಲೆಯನ್ನೂ ನೋಡಬಹುದು. ಡಾಕ್ಟರು ಎರಡು ಸಲ ಏನೋ ಹೇಳಹೊರಟರು. ಎರಡು ಸಲವೂ ನಾನು ಮುಂದಿನ ಅಂಶಕ್ಕೆ ಹೋದೆ. ಮೇಜಿನ ಕೆಳಗೆ ಪರಮೇಶ್ವರಿ ಅಕ್ಕ ನನ್ನ ಕಾಲು ತುಳಿದರು. ಶಹಬ್ಬಾಸ್ ಎನ್ನುತ್ತಿದ್ದಾರೆ ಎಂದುಕೊಂಡೆ.

"ಸರಿ ಮಾರಾಯ್ತಿ. ನಿನ್ನ ಹತ್ರ ಮಾತಾಡಿ ಪೂರೈಸುದಿಲ್ಲ. ನಿನಗೆ ಕಂಡದ್ದು ಹಾಕು," ಎಂದು ಡಾಕ್ಟರು ಕಾಲ್ ಮುಗಿಸಿದರು.

"ಒಪ್ಪಿಕೊಂಡ್ರು ಅಕ್ಕ!" ಎಂದೆ. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷು, ಅರ್ಧ ತಮಿಳು, ಅಕ್ಕನ ಮಾತಿಗೆ ಮಲೇಷ್ಯಾದವರ 'ಲಾ' ಎಂಬ ಬಾಲ ಬೇರೆ.

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. "ನೀನು ಗೆದ್ದೆ ಮಾ. ಅವರು ಹೋಗಲ್ಲ."

"ಸರಿ ಅಂದ್ರಲ್ಲ?"

"ಇಪ್ಪತ್ತು ವರ್ಷದಿಂದ ಟಿಕೆಟ್ ಮಾರ್ತಿದೀನಿ ಲಾ. ಜಗಳ ಆಡೋ ಗಿರಾಕಿ ಹೋಗ್ತಾನೆ. ಸರಿ ಅನ್ನೋನು ಹೋಗಲ್ಲ. ನಿನ್ನ ಹಾಳೇಲಿ ಅದನ್ನ ಬರೆದಿಲ್ವಾ?"

ಆ ಕಾಲ್ ಆಗಿ ನಾಲ್ಕನೇ ದಿನ ಡಾಕ್ಟರಿಂದ ಸಂದೇಶ ಬಂತು. ಈ ವರ್ಷ ಹೋಗುವುದಿಲ್ಲ, ತೊಂದರೆ ಕೊಟ್ಟೆ, ಕ್ಷಮಿಸಿ. ಅಕ್ಕ ನನಗೆ ಬೈಯಲಿಲ್ಲ. ಬೈದಿದ್ದರೆ ನಾನು ವಾದಿಸುತ್ತಿದ್ದೆ. ಅವರು ಗೋಡೆಯ ಮೇಲಿದ್ದ ಎಡಿನ್‌ಬರೋ ಕೋಟೆಯ ಪೋಸ್ಟರನ್ನು ಇಳಿಸಿ ಸುರುಳಿ ಸುತ್ತತೊಡಗಿದರು. ಆಚೆ ಬದಿಯಿಂದ ಮೊಬೈಲ್ ರಿಪೇರಿಯವನು ಆ ಗೋಡೆಯನ್ನೇ ನೋಡುತ್ತಿದ್ದ.

ಮುಂದಿನ ಭಾನುವಾರ ನಾನು ಸ್ಟೇಷನ್ನಿನ ಬೆಂಚಿಗೆ ಹೋಗಲಿಲ್ಲ. ಅಕ್ಕನಿಂದ ವಿಳಾಸ ಪಡೆದು, ಬರುತ್ತೇನೆಂದು ಡಾಕ್ಟರಿಗೆ ಸಂದೇಶ ಕಳುಹಿಸಿ ಮೆಲಾಕಾದ ಬಸ್ಸು ಹತ್ತಿದೆ. ಎರಡು ಗಂಟೆಯ ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿದೆ. ವಯಸ್ಸಾಯಿತು ಎಂದರೆ ಹೀಗೆ, ಒಬ್ಬಳೇ ಎಂದರೆ ಹೀಗೆ, ಮುಂದಿನ ವರ್ಷ ಎಂದರೆ ಹೀಗೆ.

ಡಾಕ್ಟರು ಬಾಗಿಲು ತೆರೆದು, ನನ್ನ ಕೈಯಲ್ಲಿದ್ದ ಫೈಲು ನೋಡಿ, "ಮೊದಲು ತಿನ್ನು. ಮತ್ತೆ ವಾದ ಮಾಡುವಿಯಂತೆ," ಎಂದರು. ಅವಲಕ್ಕಿ, ಬಾಳೆಹಣ್ಣು. ಆ ಮನೆಯಲ್ಲಿ ಊಟದ ಮೇಜಿಗೆ ನಾಲ್ಕು ಕುರ್ಚಿ ಇದ್ದವು. ಮೂರರ ಮೇಲೆ ಪುಸ್ತಕ ತುಂಬಿತ್ತು. ಒಂದು ಕುರ್ಚಿಯ ಪುಸ್ತಕಗಳನ್ನು ಎತ್ತಿ ನೆಲದ ಮೇಲಿಟ್ಟು ನನ್ನನ್ನು ಕೂರಿಸಿದರು.

ತಿನ್ನುತ್ತಿರುವಾಗ ಕೇಳಿದರು, "ರಜೆಯ ದಿನ ಎಂಥ ಮಾಡ್ತಿ ನೀನು?"

"ಓದ್ತೀನಿ."

ಅವರು ನನ್ನ ಮುಖವನ್ನು ನೋಡಿದರು. ಬಾಳೆಹಣ್ಣನ್ನು ನನ್ನತ್ತ ಸರಿಸಿ, ತಾವೇ ಹೇಳತೊಡಗಿದರು.

ನಲವತ್ತು ವರ್ಷದ ಹಿಂದೆ ಅವರು ಆ ಊರಿನ ಆಸ್ಪತ್ರೆಗೆ ತರಬೇತಿಗೆಂದು ಹೋಗಿದ್ದರು. ರೋಗಿಗಳ ಇಂಗ್ಲಿಷು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ವಾರವಿಡೀ ಕೆಲಸವಿತ್ತು, ಹೇಗೋ ನಡೆಯಿತು. ಭಾನುವಾರ ಹಾಸ್ಟೆಲಿನ ಹುಡುಗಿಯರೆಲ್ಲ ಅವರವರ ಮನೆಗೆ ಹೋಗುತ್ತಿದ್ದರು. ಅಂಗಡಿಗಳು ಮುಚ್ಚಿರುತ್ತಿದ್ದವು. ಇಡೀ ಊರಿನಲ್ಲಿ ನಾಲ್ಕು ಜನ ಕಾಣುತ್ತಿದ್ದ ಜಾಗವೆಂದರೆ ಬಸ್ ನಿಲ್ದಾಣ.

"ಒಂದು ಪೇಪರ್ ಹಿಡ್ಕೊಂಡು ಮೂರನೇ ಬೆಂಚಿನಲ್ಲಿ ಕೂತ್ಕೊಳ್ಳುದು. ಬಸ್ಸಿಗೆ ಕಾಯುವವರ ಹಾಗೆ. ಒಂದು ದಿನ ಡ್ರೈವರ್ ಬಂದು, ಯಾವ ಬಸ್ಸು ನಿಮಗೆ ಅಂತ ಕೇಳಿದ. ನನಗೆ ನಾಚಿಕೆ ಆಯ್ತು. ನಿಂದೇ ಬಸ್ಸು ಅಂತ ಹೇಳಿ ಹತ್ತಿದೆ. ಇಡೀ ಊರು ಸುತ್ತಿ ಪುನಃ ಅಲ್ಲೇ ಇಳಿದೆ. ಅವ ಎಂಥ ಗ್ರಹಿಸಿದನೋ!" ಎಂದು ನಕ್ಕರು. ನಗು ಬೇಗ ಮುಗಿಯಿತು. "ಎರಡು ವರ್ಷ. ಒಂದು ಭಾನುವಾರವೂ ಅಳದೆ ಎದ್ದದ್ದಿಲ್ಲ. ಮತ್ತೆ ಎಲ್ಲಾ ಮರ್ತುಹೋಗಿತ್ತು. ಮೊನ್ನೆ ಲಾಕ್‌ಡೌನ್‌ನಲ್ಲಿ ಈ ಮೇಜಿನ ಎದುರು ಕೂತು, ಕಂಪ್ಯೂಟರಿನ ಕಪ್ಪು ಚೌಕಗಳಿಗೆ ಪಾಠ ಮಾಡುವಾಗ ಆ ಬೆಂಚು ನೆನಪಾಯ್ತು. ಒಮ್ಮೆ ಹೋಗಿ, ಅಳದೆ ಕೂತು ಬರಬೇಕು ಅಂತ ಆಸೆ. ಕೋಟೆ ಗೀಟೆ ಎಲ್ಲಾ ನೆಪ. ಇದನ್ನು ಆ ಪರಮೇಶ್ವರಿಯ ಎದುರು, ನಿನ್ನ ಎದುರು ಹೇಗೆ ಹೇಳುದು? ಅದಕ್ಕೆ ಸುಮ್ಮನೆ ಅಂದೆ. ನೀನು ಬಿಟ್ಟರಲ್ವಾ!"

ನನ್ನ ಫೈಲು ಮಡಿಲಲ್ಲೇ ಇತ್ತು. ಅದನ್ನು ನೆಲದ ಮೇಲಿದ್ದ ಪುಸ್ತಕಗಳ ಮೇಲಿಟ್ಟೆ.

"ಮೇಡಂ, ನಾನು ಓದಲ್ಲ," ಎಂದೆ. "ಭಾನುವಾರ ಕೆಎಲ್ ಸೆಂಟ್ರಲ್‌ನಲ್ಲಿ ಕೂತಿರ್ತೀನಿ."

ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

"ಎಷ್ಟು ಹೊತ್ತು?"

"ಮಧ್ಯಾಹ್ನದಿಂದ ಸಂಜೆ ತನಕ."

"ಅಳ್ತೀಯಾ?"

"ಇಲ್ಲ."

"ಸುಳ್ಳು."

"ಒಂದೊಂದ್ಸಲ."

ಅವರು ಎದ್ದು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಅದೇ ಒಳ್ಳೆಯದಾಯಿತು. ಬಹಳ ಹೊತ್ತು ನಾವಿಬ್ಬರೂ ಬೇರೆ ಬೇರೆ ವಿಷಯ ಮಾತಾಡಿದೆವು. ಹೊರಡುವಾಗ ನಾನು, "ಆರನೇ ದಿನ ಭಾನುವಾರವೇ ಬರೋ ಹಾಗೆ ನೋಡ್ತೀನಿ," ಎಂದೆ. ಅವರು ಲಿಫ್ಟಿನ ತನಕ ನನ್ನ ಜೊತೆ ಬಂದರು. ಲಿಫ್ಟಿನ ಬಾಗಿಲು ಮುಚ್ಚುವಾಗ, "ಮಠ ತೆಗಿ ಹಾಗಾದ್ರೆ," ಎಂದರು.

ಸೋಮವಾರ ಮಠ, ಬಂಗಲೆ ಎರಡನ್ನೂ ಅಳಿಸಿದೆ. ಸಾಲು ಕೆಂಪಗಾಯಿತು. 'ಬಸ್ ನಿಲ್ದಾಣ, ಇಡೀ ದಿನ, ಗೈಡ್ ಬೇಡ' ಎಂದು ತುಂಬಿದೆ. ಇದು ಯಾವ ಬಗೆಯ ಪ್ರೇಕ್ಷಣೀಯ ಸ್ಥಳ ಎಂದು ನಮ್ಮ ಮ್ಯಾನೇಜರ್ ಕೇಳಿದರು. ನನ್ನ ನಾಲಿಗೆಯ ತುದಿಯಲ್ಲಿ ಮೂರು ಅಂಶಗಳಿದ್ದವು. ಒಂದನ್ನೂ ಹೇಳಲಿಲ್ಲ. "ಗಿರಾಕಿ ಕೇಳಿದ್ದಾರೆ ಸರ್," ಎಂದೆ, ಅಷ್ಟೇ. ಅವರು ಭುಜ ಹಾರಿಸಿ ಒಪ್ಪಿಗೆ ಒತ್ತಿದರು. ಪರಮೇಶ್ವರಿ ಅಕ್ಕ ಪೋಸ್ಟರನ್ನು ಮತ್ತೆ ಗೋಡೆಗೆ ಅಂಟಿಸಿದರು, ಸ್ವಲ್ಪ ಸೊಟ್ಟಗೆ. "ಏನ್ ಹೇಳಿ ಒಪ್ಪಿಸಿದೆ ಮಾ?" ಎಂದು ಕೇಳಿದರು. "ಏನೂ ಹೇಳ್ಲಿಲ್ಲ ಅಕ್ಕ," ಎಂದೆ. ಅವರು ನಂಬಲಿಲ್ಲ.

ಡಾಕ್ಟರು ಮೇ ಕೊನೆಗೆ ಹೊರಟರು. ಅವರ ಆರನೇ ದಿನ ಸಂಜೆ ಆರೂವರೆಗೆ ನನ್ನ ಫೋನು ರಿಂಗಾಯಿತು. ಅಲ್ಲಿ ಇನ್ನೂ ಹಗಲು ಹನ್ನೊಂದೂವರೆ.

"ಬೆಂಚು ಇಲ್ಲ ಮಾರಾಯ್ತಿ! ಕಬ್ಬಿಣದ ಸೀಟು ಹಾಕಿದ್ದಾರೆ. ಓರೆ ಉಂಟು. ಕೂತ್ರೆ ಜಾರ್ತದೆ."

"ಮತ್ತೆ? ಕೂತ್ರಾ?"

"ಕೂತೆ. ನಲವತ್ತು ನಿಮಿಷ."

"ಅಳು ಬಂತಾ?"

"ಇಲ್ಲ. ನಾನೂ ಕಾದೆ, ಬರ್ತದಾ ಅಂತ." ಆ ಕಡೆ ಬಸ್ಸೊಂದು ಹೊರಟ ಸದ್ದು ಕೇಳಿಸಿತು. "ಬರಲಿಲ್ಲ. ಬೋರಾಯ್ತು. ನಿಜವಾಗಿ ಬೋರಾಯ್ತು! ಎದ್ದು ಬಂದು ಎದುರಿನ ಅಂಗಡಿಯಲ್ಲಿ ಎರಡು ಜೊತೆ ಕಾಲುಚೀಲ ತಗೊಂಡೆ. ಈಗ ಇಲ್ಲಿ ಭಾನುವಾರವೂ ಅಂಗಡಿ ತೆಗೀತಾರೆ. ಇನ್ನು ಸಂಜೆ ತನಕ ಎಂಥ ಮಾಡುದು? ಆ ಮಠ ಎಷ್ಟು ದೂರ ಉಂಟು?"

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟರಲ್ಲಿ ನನ್ನ ತಲೆಯ ಮೇಲಿನ ಸ್ಪೀಕರಿನಲ್ಲಿ ಮುಂದಿನ ರೈಲಿನ ಘೋಷಣೆ ಆಯಿತು.

"ಎಲ್ಲಿದ್ದಿ ನೀನು?" ಎಂದರು ಡಾಕ್ಟರು.

"ರೂಮಲ್ಲಿ."

"ನಿನ್ನ ರೂಮಿಗೆ ರೈಲು ಬರ್ತದಾ?"

ಇಬ್ಬರೂ ಫೋನು ಇಡಲಿಲ್ಲ. ಅಲ್ಲಿಯ ಬಸ್ಸುಗಳ ಸದ್ದು ನನಗೆ, ಇಲ್ಲಿಯ ರೈಲುಗಳ ಸದ್ದು ಅವರಿಗೆ ಕೇಳಿಸುತ್ತಿತ್ತು. ಕೊನೆಗೆ, "ಬಂದ ಮೇಲೆ ಕಾಲುಚೀಲ ಕೊಡ್ತೇನೆ. ಒಂದು ಜೊತೆ ನಿನಗೆ," ಎಂದು ಇಟ್ಟರು.

ಪರಮೇಶ್ವರಿ ಅಕ್ಕ ಪಟ್ಟಿಗೆ ಸೇರಿದರು. ಮೊಬೈಲ್ ರಿಪೇರಿಯವನು ಇಂದಿಗೂ ಅರ್ಧ ಅಂಗಡಿಯಲ್ಲೇ ಇದ್ದಾನೆ. ಆಕ್ಷೇಪಗಳ ಹಾಳೆಯನ್ನು ನಾನು ಈಗಲೂ ಏಜೆಂಟರಿಗೆ ಕಳುಹಿಸುತ್ತೇನೆ. ಎಡಗಡೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ, 'ಸುಮ್ಮನೆ' ಎಂದು. ಅದರ ಬಲಗಡೆ ಏನೂ ಬರೆದಿಲ್ಲ. ಇಲ್ಲಿ ಉತ್ತರ ಬಿಟ್ಟುಹೋಗಿದೆ ಎಂದು ಪ್ರತಿ ಸಲ ಯಾರಾದರೂ ಒಬ್ಬರು ಪತ್ರ ಬರೆಯುತ್ತಾರೆ. ಬಿಟ್ಟುಹೋಗಿಲ್ಲ ಎಂದು ಬರೆಯುತ್ತೇನೆ.

ತಿಂಗಳಿಗೊಮ್ಮೆ ಮೆಲಾಕಾಕ್ಕೆ ಹೋಗುತ್ತೇನೆ. ಉಳಿದ ಭಾನುವಾರಗಳಲ್ಲಿ ಈಗಲೂ ಅದೇ ಬೆಂಚು. ಕೂರುವ ಮುಂಚೆ ಗಡಿಯಾರ ನೋಡಿಕೊಳ್ಳುವುದು ಮಾತ್ರ ಹೊಸ ಅಭ್ಯಾಸ. ಡಾಕ್ಟರಿಗೆ ನಲವತ್ತು ನಿಮಿಷ ಸಾಕಾಯಿತು. ಹೋದ ವಾರ ನಾನು ಮೂರು ಗಂಟೆ ಹತ್ತು ನಿಮಿಷ ಕೂತಿದ್ದೆ. ನನಗೆ ಇನ್ನೂ ಬೋರಾಗಿಲ್ಲ.